ಉಡುಪಿ ಹೋಟೆಲಿನ ಛಾವಣಿಗೆ ಟಿಪಿ-ಲಿಂಕ್ ಇಎಪಿ225: ಮೊದಲ ದಿನವೇ ಮುಗಿಸಬೇಕಾದ ಸೆಟ್ಟಿಂಗ್‌ಗಳು

ಮುಂಬಯಿಯ ಮಾಟುಂಗಾ, ಚೆಂಬೂರು, ಫೋರ್ಟ್ ಕಡೆಯ ನಮ್ಮವರ ಹೋಟೆಲುಗಳಲ್ಲಿ ಈಗ ಆರ್ಡರ್ ಹೋಗುವುದೇ ವೈಫೈ ಮೇಲೆ. ಮಧ್ಯಾಹ್ನ ಊಟದ ಹೊತ್ತಿಗೆ ಅದು ಕೈಕೊಟ್ಟಿತೆಂದರೆ ಅಡುಗೆಮನೆಯಲ್ಲಿ ಆರ್ಡರ್ ಚೀಟಿ (ಕೆಒಟಿ) ಮುದ್ರಿಸುವ ಪ್ರಿಂಟರ್ ಸುಮ್ಮನಾಗುತ್ತದೆ, ಸಪ್ಲೈಯರ್ ಚೀಟಿ ಹಿಡಿದು ಒಳಗೆ ಓಡಬೇಕಾಗುತ್ತದೆ. ಇಂಟರ್ನೆಟ್ ಕಂಪನಿಯವರು ಕೊಟ್ಟ ರೂಟರನ್ನು ಗಲ್ಲಾದ ಕೆಳಗೆ ಸ್ಟೀಲ್ ಡಬ್ಬಗಳ ಪಕ್ಕ ಇಟ್ಟು ಇಡೀ ಹೋಟೆಲಿಗೆ ಅದೇ ಸಾಕು ಅಂದುಕೊಂಡರೆ ಹೀಗೇ ಆಗುವುದು. ಛಾವಣಿಗೆ ಹಾಕುವ ಪ್ರತ್ಯೇಕ ಆಕ್ಸೆಸ್ ಪಾಯಿಂಟ್, ಅಂದರೆ ರೂಟರಿಗೆ ಕೇಬಲ್‌ನಿಂದ ಜೋಡಿಸಿ ವೈಫೈ ಹರಡುವ ಸಾಧನ, ಬೇಕು. ಟಿಪಿ-ಲಿಂಕ್ ಇಎಪಿ225 ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ, ಬ್ರೌಸರ್‌ನಲ್ಲಿ ತೆರೆಯುವ ಅದರ ಸೆಟ್ಟಿಂಗ್ ಪುಟದಲ್ಲಿ (ಅಡ್ಮಿನ್ ಪುಟ) ಒಂದು ಗಂಟೆ ಕೂರುವ ತಾಳ್ಮೆ ಇದ್ದರೆ.

ಇದು ವೈಫೈ 5 ತಲೆಮಾರಿನ ಸಾಧನ. 2.4 ಗಿಗಾಹರ್ಟ್ಸ್‌ನಲ್ಲಿ 450, 5 ಗಿಗಾಹರ್ಟ್ಸ್‌ನಲ್ಲಿ 867 ಎಂಬಿಪಿಎಸ್ ಎಂದು ಡಬ್ಬದ ಮೇಲಿರುವುದು ಕಾಗದದ ಲೆಕ್ಕ. ಬಿಲ್ಲಿಂಗ್‌ಗೆ, ಯುಪಿಐಗೆ, ನಾಲ್ಕೈದು ಟ್ಯಾಬ್‌ಗಳಿಗೆ ಅದರ ಸಣ್ಣ ಪಾಲು ಸಿಕ್ಕರೂ ಧಾರಾಳ. ಕರೆಂಟು ಲ್ಯಾನ್ ಕೇಬಲ್‌ನಲ್ಲೇ ಬರುತ್ತದೆ. ಹೀಗೆ ಕೇಬಲ್‌ನಲ್ಲೇ ಕರೆಂಟು ಕೊಡುವ 802.3ಎಎಫ್ ಪಿಒಇ ಸ್ವಿಚ್ ಇದ್ದರೆ ನೇರ ಜೋಡಿಸಿ. ಕೇಬಲ್‌ಗೆ ಕರೆಂಟು ಸೇರಿಸುವ ಬೇರೆ ಇಂಜೆಕ್ಟರ್ ಹಾಕುವುದಾದರೆ ಸಾಧನದ ಹಿಂದಿನ ಲೇಬಲ್‌ನಲ್ಲಿರುವ ವೋಲ್ಟೇಜ್ ನೋಡಿಯೇ ಹಾಕಿ. ಕೆಲಸ ಮಾಡುವ ಉಷ್ಣತೆಯ ಮಿತಿ 40 ಡಿಗ್ರಿ, ಆದ್ದರಿಂದ ದೋಸೆ ಕಾವಲಿ ಇರುವ ಕೋಣೆಯೊಳಗೆ ಬೇಡ. ಹಾಲ್‌ನ ಛಾವಣಿಯಲ್ಲಿ, ಅಡುಗೆಮನೆ ಬಾಗಿಲಿನ ನೇರಕ್ಕೆ ಇರಲಿ. ಫೋರ್ಟ್‌ನ ಹಳೆಯ ಕಟ್ಟಡಗಳ ಕಲ್ಲಿನ ಗೋಡೆ ಇದ್ದಲ್ಲಿ ಒಳಕೋಣೆಗೆ ಇನ್ನೊಂದು ಬೇಕೇ ಬೇಕು. ಮಳೆ ಎರಚುವ ಜಾಗಕ್ಕೆ ಐಪಿ65 ದರ್ಜೆಯ ಔಟ್‌ಡೋರ್ ಮಾದರಿ ಬೇರೆಯೇ ಇದೆ.

ಮೊದಲ ಬಾರಿ ಲಾಗಿನ್ ಆಗುವಾಗಲೇ ಬಹಳ ಜನ ಸಿಕ್ಕಿಬೀಳುತ್ತಾರೆ. ರೂಟರಿನಿಂದ ಐಪಿ (ನೆಟ್‌ವರ್ಕಿನೊಳಗಿನ ವಿಳಾಸ) ಸಿಗದಿದ್ದರೆ ಮಾತ್ರ ಇದು 192.168.0.254ರಲ್ಲಿ ಕೂರುತ್ತದೆ. ರೂಟರಿಗೆ ಜೋಡಿಸಿದ್ದರೆ ಅದು ಕೊಟ್ಟ ಐಪಿ ತೆಗೆದುಕೊಂಡಿರುತ್ತದೆ, ಹಾಗಾಗಿ ಆ ಹಳೆಯ ವಿಳಾಸ ಟೈಪ್ ಮಾಡಿದರೆ ಏನೂ ತೆರೆಯುವುದಿಲ್ಲ. ರೂಟರು ಯಾರಿಗೆ ಯಾವ ಐಪಿ ಕೊಟ್ಟಿದೆ ಎನ್ನುವ ಡಿಎಚ್‌ಸಿಪಿ ಪಟ್ಟಿ ತೆರೆದು, ಲೇಬಲ್‌ನಲ್ಲಿರುವ ಮ್ಯಾಕ್ ವಿಳಾಸದ (ಸಾಧನದ ಗುರುತಿನ ಸಂಖ್ಯೆ) ಎದುರಿಗೆ ಯಾವ ಐಪಿ ಇದೆ ನೋಡಿ. ಅಲ್ಲಿಯೇ ಆ ಐಪಿಯನ್ನು ಅದಕ್ಕೆ ರಿಸರ್ವ್ ಮಾಡಿಬಿಡಿ. ಸಾಧನದೊಳಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಟ್ಟರೆ ರಿಸೆಟ್ ಆದ ದಿನ ಅದೂ ಹೋಗುತ್ತದೆ. ರೂಟರಿನಲ್ಲಿ ಕಾದಿರಿಸಿದ್ದು ಉಳಿಯುತ್ತದೆ.

ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ ಅಡ್ಮಿನ್ (admin). ಒಳಹೊಕ್ಕ ಕೂಡಲೇ ಬದಲಿಸಲು ಕೇಳುತ್ತದೆ. ವೈಫೈ ಪಾಸ್‌ವರ್ಡನ್ನೇ ಇಲ್ಲಿಯೂ ಇಡಬೇಡಿ, ಅದು ನಾಳೆ ಹೋಟೆಲಿನ ಎಲ್ಲರ ಬಾಯಲ್ಲೂ ಇರುತ್ತದೆ. ಕಾರ್ಖಾನೆಯಿಂದ ಬಂದಾಗ ಎರಡೂ ಬ್ಯಾಂಡ್‌ಗಳ ನೆಟ್‌ವರ್ಕ್ ಪಾಸ್‌ವರ್ಡ್ ಇಲ್ಲದೆ ತೆರೆದೇ ಇರುವುದರಿಂದ, ಛಾವಣಿಗೆ ಏರಿಸುವ ಮೊದಲು ಮೇಜಿನ ಮೇಲೆಯೇ ಈ ಕೆಲಸ ಮುಗಿಸಿ.

ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಎರಡು ಆಯ್ಕೆಗಳನ್ನು ಕಂಡರೆ ಕೈ ಹಿಂದೆಗೆಯಿರಿ. ಒಂದು, ನಿರ್ದಿಷ್ಟ ಮ್ಯಾಕ್ ವಿಳಾಸದವರು ಮಾತ್ರ ಅಡ್ಮಿನ್ ಪುಟ ತೆರೆಯಬಹುದು ಎನ್ನುವ ನಿಯಮ. ಕೇಳಲು ಭದ್ರವಾಗಿದೆ. ಆದರೆ ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದೀಚೆಗೆ ಫೋನುಗಳು ನೆಟ್‌ವರ್ಕ್‌ಗೊಂದರಂತೆ ಬದಲಿ ಮ್ಯಾಕ್ ತೋರಿಸುತ್ತವೆ. ನಿಮ್ಮ ಫೋನಿನ ಮ್ಯಾಕ್ ಬರೆದಿಟ್ಟು, ಮರುದಿನ ವೈಫೈ ಹೆಸರು ಬದಲಿಸಿದಿರೋ, ಮಾಲಕರೇ ಹೊರಗುಳಿಯುತ್ತಾರೆ. ಹಾಕಲೇಬೇಕಿದ್ದರೆ ಗಲ್ಲಾದ ಕಂಪ್ಯೂಟರಿನ ಲ್ಯಾನ್ ಕಾರ್ಡಿನ ಮ್ಯಾಕ್ ಕೊಡಿ. ಇನ್ನೊಂದು ಮ್ಯಾನೇಜ್‌ಮೆಂಟ್ ವಿಲ್ಯಾನ್, ಅಂದರೆ ಒಂದೇ ಕೇಬಲ್ ಮೇಲೆ ಬೇರೆಯಾಗಿ ಮಾಡಿದ ನೆಟ್‌ವರ್ಕಿನಿಂದ ಮಾತ್ರ ಅಡ್ಮಿನ್ ಪುಟ ತೆರೆಯುವ ವ್ಯವಸ್ಥೆ. ಸ್ವಿಚ್‌ನಲ್ಲಿ ಅದೇ ವಿಲ್ಯಾನ್ ಮೊದಲೇ ಸಿದ್ಧವಿಲ್ಲದಿದ್ದರೆ, ಸೇವ್ ಒತ್ತಿದ ಕ್ಷಣದಿಂದ ಪುಟ ಕಾಣುವುದಿಲ್ಲ. ಆಮೇಲೆ ಏಣಿ ಹತ್ತಿ ರಿಸೆಟ್ ಗುಂಡಿಯನ್ನು ಸುಮಾರು 5 ಸೆಕೆಂಡ್ ಒತ್ತಿ ಮೊದಲಿನಿಂದ ಶುರು ಮಾಡಬೇಕು.

ದೂರದಿಂದ ನಿರ್ವಹಿಸುವ, ನಿಗಾ ಇಡುವ ಎಸ್‌ಎಸ್‌ಎಚ್, ಎಸ್‌ಎನ್‌ಎಂಪಿ ಬಳಸದಿದ್ದರೆ ಆಫ್ ಇರಲಿ. ಎಚ್‌ಟಿಟಿಪಿಎಸ್‌ನಲ್ಲಿ ತೆರೆದಾಗ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸುವುದು ಸಾಧನ ತಾನೇ ಬರೆದುಕೊಂಡ ಸರ್ಟಿಫಿಕೇಟಿನಿಂದ. ನಿಮ್ಮದೇ ನೆಟ್‌ವರ್ಕಿನಲ್ಲಿ, ವಿಳಾಸ ಸರಿಯಿದ್ದರೆ ಮುಂದುವರಿಯಿರಿ. ಸಮಯದ ಸೆಟ್ಟಿಂಗ್‌ನಲ್ಲಿ ಜಿಎಂಟಿ +5:30 ಆರಿಸಿ, ಇಂಟರ್ನೆಟ್‌ನಿಂದ ಸರಿ ಸಮಯ ತರುವ ಎನ್‌ಟಿಪಿ ಸರ್ವರ್ ಕೊಡಿ, ಡೇಲೈಟ್ ಸೇವಿಂಗ್ ಬೇಡ. ಇದನ್ನು ಬಿಟ್ಟರೆ ರಾತ್ರಿ ಗೆಸ್ಟ್ ವೈಫೈ ಮುಚ್ಚುವ ಶೆಡ್ಯೂಲರ್ ಯಾವುದೋ ಹೊತ್ತಿನಲ್ಲಿ ಮುಚ್ಚುತ್ತದೆ, ಲಾಗ್‌ನಲ್ಲಿರುವ ಗಂಟೆಗೂ ಅರ್ಥ ಉಳಿಯುವುದಿಲ್ಲ.

ಎಲ್ಲಕ್ಕಿಂತ ಮುಖ್ಯ, ಎರಡು ನೆಟ್‌ವರ್ಕ್ ಮಾಡುವುದು: ಒಂದು ಬಿಲ್ಲಿಂಗ್‌ಗೆ, ಒಂದು ಗಿರಾಕಿಗಳಿಗೆ. ಗಿರಾಕಿಗಳ ಎಸ್‌ಎಸ್‌ಐಡಿಯಲ್ಲಿ (ವೈಫೈ ಹೆಸರು) ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿದರೆ ಅವರಿಗೆ ಇಂಟರ್ನೆಟ್ ಸಿಗುತ್ತದೆ, ಒಳಗಿನ ಖಾಸಗಿ ಐಪಿಗಳು ಸಿಗುವುದಿಲ್ಲ. ನಂಬಿ ಕೂರಬೇಡಿ, ಪರೀಕ್ಷಿಸಿ: ಗೆಸ್ಟ್‌ಗೆ ಸೇರಿದ ಫೋನಿನಿಂದ ರೂಟರಿನ ವಿಳಾಸ ತೆರೆಯಿರಿ, ಪುಟ ಬರಬಾರದು. ಪ್ರಿಂಟರನ್ನು ತಪ್ಪಿ ಗೆಸ್ಟ್‌ಗೆ ಸೇರಿಸಿದರೆ ಅದಕ್ಕೆ ಸಿಗ್ನಲ್ ಪೂರ್ತಿ ಇದ್ದರೂ ಒಂದು ಕೆಒಟಿಯೂ ಹೊರಬರದು. ಬಿಲ್ಲಿಂಗ್ ವೈಫೈನ ಭದ್ರತೆಗೆ ಡಬ್ಲ್ಯುಪಿಎ2 ಮತ್ತು ಎಇಎಸ್ ಇರಲಿ, ಹಳೆಯ ಪ್ರಿಂಟರ್‌ಗಳು ಡಬ್ಲ್ಯುಪಿಎ3 ಅರಿಯವು.

ಇಲ್ಲೊಂದು ಸೂಕ್ಷ್ಮವಿದೆ. ಇಎಪಿ225 ರೂಟರ್ ಅಲ್ಲ, ಐಪಿ ಹಂಚುವುದು ನಿಮ್ಮ ರೂಟರೇ. ವಿಲ್ಯಾನ್ ಬೇರೆ ಮಾಡದಿದ್ದರೆ ಗಿರಾಕಿಗೂ ಗಲ್ಲಾಕ್ಕೂ ಒಂದೇ ಉಗ್ರಾಣದಿಂದ ಐಪಿ ಹೋಗುತ್ತದೆ. ರೂಟರಿನಲ್ಲಿ 100 ಐಪಿ, ಲೀಸ್ (ಒಂದು ಐಪಿ ಒಬ್ಬರಿಗೇ ಮೀಸಲಿರುವ ಅವಧಿ) 24 ಗಂಟೆ ಎಂದಿದ್ದರೆ, ಬೆಳಗ್ಗೆ ಇಡ್ಲಿ ತಿಂದು ಎದ್ದುಹೋದವರ ಫೋನುಗಳು ನಾಳೆಯವರೆಗೂ ಆ ಐಪಿಗಳನ್ನು ಹಿಡಿದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ಹೊಸಬರಿಗೆ "ಐಪಿ ವಿಳಾಸ ಪಡೆಯಲಾಗುತ್ತಿದೆ" ಎಂದು ಸುತ್ತುತ್ತಲೇ ಇರುತ್ತದೆ, ಬೈಗುಳ ಆಕ್ಸೆಸ್ ಪಾಯಿಂಟಿಗೆ. ಲೀಸನ್ನು 1 ಅಥವಾ 2 ಗಂಟೆಗೆ ಇಳಿಸಿ, ಪ್ರಿಂಟರಿಗೂ ಬಿಲ್ಲಿಂಗ್ ಕಂಪ್ಯೂಟರಿಗೂ ಐಪಿ ಕಾದಿರಿಸಿ. ಸಾಧನ ಬದಲಿಸಿದರೂ ತೀರದ ಕಾಟ ಇದರಿಂದ ತೀರುತ್ತದೆ.

ಮುಂಬಯಿಯ ಒತ್ತೊತ್ತಾದ ಕಟ್ಟಡಗಳಲ್ಲಿ 2.4 ಗಿಗಾಹರ್ಟ್ಸ್ ಸಂತೆಯಂತಿರುತ್ತದೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್, ಚಾನೆಲ್ 1, 6, 11ರಲ್ಲಿ ನೆರೆಯವರ ಸದ್ದು ಕಡಿಮೆ ಇರುವ ಒಂದನ್ನು ಆರಿಸಿ. ಟ್ಯಾಬ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಸೇರಿಸಿ. ಎರಡು ಆಕ್ಸೆಸ್ ಪಾಯಿಂಟ್ ಇದ್ದರೆ ಪವರ್ ಸ್ವಲ್ಪ ತಗ್ಗಿಸಿ, ಇಲ್ಲವಾದರೆ ಒಳಗೆ ಹೋದ ಟ್ಯಾಬ್ ಹಾಲ್‌ನ ಸಿಗ್ನಲನ್ನೇ ಹಿಡಿದು ತೆವಳುತ್ತದೆ.

ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹಾಕುವ ಮೊದಲು ಲೇಬಲ್‌ನಲ್ಲಿ ಹಾರ್ಡ್‌ವೇರ್ ವರ್ಷನ್ ವಿ3, ವಿ4 ಎಂದೇನಿದೆಯೋ ನೋಡಿ, ಅದರದೇ ಫೈಲ್ ಇಳಿಸಿಕೊಳ್ಳಿ. ಹೋಟೆಲ್ ಮುಚ್ಚಿದ ಮೇಲೆ, ಯುಪಿಎಸ್ ಮೇಲೆ ಮಾಡಿ. ಎಲ್ಲ ಸೆಟ್ಟಿಂಗ್ ಮುಗಿದ ಮೇಲೆ ಬ್ಯಾಕಪ್ ಫೈಲ್ ತೆಗೆದು ಪೆನ್‌ಡ್ರೈವ್‌ನಲ್ಲಿಡಿ. ರಿಸೆಟ್ ಆದರೂ ಕೆಲವೇ ನಿಮಿಷಗಳಲ್ಲಿ ಎಲ್ಲ ಮರಳುತ್ತದೆ.

ಒಂದು ಕೊರತೆ: ಗಿರಾಕಿಗೆ ವೋಚರ್ ಕೊಡುವ ಪೋರ್ಟಲ್ ಬೇಕಿದ್ದರೆ ಇಂಥ ಸಾಧನಗಳನ್ನೆಲ್ಲ ಒಂದೆಡೆಯಿಂದ ನಿಯಂತ್ರಿಸುವ ಟಿಪಿ-ಲಿಂಕ್‌ನ ಒಮಾಡಾ ಕಂಟ್ರೋಲರ್ ಬೇಕು, ಬಿಡಿ ಸಾಧನದಲ್ಲಿ ಆಗದು. ಕಂಟ್ರೋಲರಿಗೆ ಸೇರಿಸಿದ ಮೇಲೆ ಸಾಧನದ ಸ್ವಂತ ಪುಟದಿಂದ ಏನನ್ನೂ ಬದಲಿಸಲಾಗದು. ಒಂದೆರಡು ಸಾಧನಗಳ ಹೋಟೆಲಿಗೆ ಬಿಡಿಯಾಗಿರುವುದೇ ಸುಲಭ. ಯೂಬಿಕ್ವಿಟಿ ಎಂಬ ಇನ್ನೊಂದು ಕಂಪನಿಯ ಯುನಿಫೈ ಆಕ್ಸೆಸ್ ಪಾಯಿಂಟ್‌ಗಳಲ್ಲಿ ಇಂಥ ಸ್ವಂತ ವೆಬ್ ಪುಟವೇ ಇಲ್ಲ, ಈ ಲೆಕ್ಕದಲ್ಲಿ ಇಎಪಿ225 ನಮ್ಮ ಗಲ್ಲಾಗಳಿಗೆ ಹೆಚ್ಚು ಹೊಂದುತ್ತದೆ. ಏಕಕಾಲಕ್ಕೆ ಗಿರಾಕಿಗಳ ಫೋನು ಬಹಳ ಸೇರುವ ದೊಡ್ಡ ಹಾಲ್ ಇದ್ದರೆ ವೈಫೈ 6ರ ಇಎಪಿ610 ನೋಡಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಕೊಳ್ಳುವಾಗ ಡಬ್ಬದ ಸೀಲ್ ಮತ್ತು ಹಾರ್ಡ್‌ವೇರ್ ವರ್ಷನ್ ನೋಡಿ, ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ.