ಕೋಟಿಂಗೇ ಇಲ್ಲದ ಪಂಚ್‌ಗೂ ಕೋಟಿಂಗ್ ರಿಪೋರ್ಟ್ ಕೊಟ್ಟರು!

ಪೀಣ್ಯದಲ್ಲಿ ಸಣ್ಣ ಟೂಲ್ ರೂಮ್ ನಡೆಸುತ್ತೇನೆ. ಲ್ಯಾಬ್ ಹೆಸರು ಹಾಕುವುದಿಲ್ಲ. ಆದರೆ ಕೋಟಿಂಗ್ ಸ್ಟ್ರೆಸ್ ಅಳೆಸುವವರು ಇದನ್ನು ಓದಲೇಬೇಕು.

ತಗಡಿಗೆ ತೂತು ಹೊಡೆಯುವ ನಮ್ಮ ಹೈ ಸ್ಪೀಡ್ ಸ್ಟೀಲ್ ಪಂಚ್‌ಗಳಲ್ಲಿ ಟೈಟಾನಿಯಂ ನೈಟ್ರೈಡ್ ಕೋಟಿಂಗ್ ಅಂಚಿನಲ್ಲಿ ಚಕ್ಕೆ ಏಳುತ್ತಿತ್ತು. ಪದರ ಎರಡೂವರೆ ಮೈಕ್ರಾನ್ ಅಷ್ಟೆ. ಒಳಗೆ ಉಳಿದ ಒತ್ತಡ ಜಾಸ್ತಿಯಾದರೂ ಹೀಗಾಗುತ್ತದೆ ಅಲ್ವಾ, ಅದಕ್ಕೇ ಎಕ್ಸ್-ರೇ ಟೆಸ್ಟಿಗೆ ಕೊಟ್ಟೆ. ತುಂಡಿಗೆ 6,000 ರೂಪಾಯಿ, ಜಿಎಸ್‌ಟಿ ಬೇರೆ. ಬಂದದ್ದು ಮೈನಸ್ 510 ಮೆಗಾಪ್ಯಾಸ್ಕಲ್ (ಮೈನಸ್ ಅಂದರೆ ಒಳಕ್ಕೆ ಅಮುಕುವ ಒತ್ತಡ). ಇಂಥ ಪದರದಲ್ಲಿ ಸಾಮಾನ್ಯವಾಗಿ ಸಾವಿರಗಳ ಲೆಕ್ಕದಲ್ಲಿ ಇರುತ್ತದೆ. ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಆ ಹಾಳೆ ಹಿಡಿದು ಕೋಟಿಂಗ್‌ನವರ ಹತ್ತಿರ ಹೋಗಿ, "ಒತ್ತಡ ಏನೂ ಇಲ್ಲ, ನೀವೇ ಸರಿಯಾಗಿ ಕ್ಲೀನ್ ಮಾಡಿಲ್ಲ" ಅಂತ ಅವರ ಹುಡುಗರ ಎದುರೇ ಕೂಗಾಡಿದೆ.

ಅವರು ಒಂದೇ ಮಾತು ಹೇಳಿದರು: "ಸರ್, ಕೋಟಿಂಗ್ ಇಲ್ಲದ ಪಂಚ್ ಒಂದನ್ನು ಅಲ್ಲಿಗೇ ಕಳಿಸಿ ನೋಡಿ."

ಕಳಿಸಿದೆ. ಗ್ರೈಂಡಿಂಗ್ ಮುಗಿದ ಬರೀ ಪಂಚ್. ರಿಪೋರ್ಟ್ ಬಂತು: "ಟೈಟಾನಿಯಂ ನೈಟ್ರೈಡ್ ಪದರದ ಒತ್ತಡ, ಮೈನಸ್ 490." ಪದರ ಎಲ್ಲಿದೆ ಸ್ವಾಮಿ? ಆ ಕೋಟಿಂಗ್ ಚಿನ್ನದ ಬಣ್ಣ. ನಾನು ಕಳಿಸಿದ್ದು ಬೆಳ್ಳಗೆ ಹೊಳೆಯುವ ಉಕ್ಕು. ಕಣ್ಣು ಬಿಟ್ಟು ನೋಡಿದ್ದರೆ ಸಾಕಿತ್ತು. ಸೀಲು ಬೇರೆ ಒತ್ತಿದ್ದಾರೆ!

ಫೋನ್ ಮಾಡಿದರೆ, "ಮೆಷಿನ್ ಏನು ತೋರಿಸುತ್ತೋ ಅದನ್ನೇ ಕೊಡೋದು ಸರ್." ಯಾವ ಕೋನದಲ್ಲಿ ಅಳೆದಿರಿ? "156 ಡಿಗ್ರಿ. ಎಲ್ಲರಿಗೂ ಅದೇ ಸೆಟ್ಟಿಂಗ್." ಎಕ್ಸ್-ರೇ ಬಿಡುವ ಟ್ಯೂಬ್ ಕ್ರೋಮಿಯಂದು, ಅದರಲ್ಲಿ 156 ಅಂದರೆ ಉಕ್ಕಿನ ಪೀಕ್, ಅಂದರೆ ಉಕ್ಕಿನಿಂದ ಎಕ್ಸ್-ರೇ ಜೋರಾಗಿ ವಾಪಸ್ ಬರುವ ಕೋನ! ಎಕ್ಸ್-ರೇ ತೆಳು ಪದರ ದಾಟಿ ಕೆಳಗಿನ ಉಕ್ಕನ್ನು ಅಳೆದಿದೆ. ಎರಡೂ ಸಲ ದುಡ್ಡು ಕೊಟ್ಟು ಅಳೆಸಿದ್ದು ನನ್ನದೇ ಗ್ರೈಂಡಿಂಗ್ ಒತ್ತಡ. ಹಾಗಂತ ಹೇಳಿದರೆ, "ಪದರ ತುಂಬಾ ತೆಳು ಸರ್, ಅದೂ ಇದೂ ಒಂದೇ" ಅಂದರು. ಒಂದೇ ಅಂತೆ! ದುಡ್ಡು ವಾಪಸ್ ಕೇಳಿದ್ದಕ್ಕೆ, "ಟೆಸ್ಟ್ ಆಗಿದೆಯಲ್ಲ ಸರ್."

ಟೆಸ್ಟಿಗೆ ಕೊಡುವ ಮುಂಚೆಯೇ ಯಾವ ಪೀಕ್ ಹಿಡಿಯುತ್ತೀರಿ ಅಂತ ಕೇಳಿ. ಈ ಕೋಟಿಂಗಿಗೆ ಅದೇ ಟ್ಯೂಬಿನಲ್ಲಿ 127 ಡಿಗ್ರಿ ಹತ್ತಿರ ಒಂದು ಪೀಕ್ ಬರುತ್ತದೆ, 156 ಅಂದರೆ ಎದ್ದು ಬನ್ನಿ. ತುಂಡನ್ನು ಬೇರೆ ಬೇರೆ ಓರೆಯಲ್ಲಿಟ್ಟು ತೆಗೆದ ಗ್ರಾಫ್‌ಗಳನ್ನೆಲ್ಲ ಇಸಿದುಕೊಳ್ಳಿ. ಜೊತೆಗೆ ಬರೀ ತುಂಡೊಂದನ್ನು ಸುಮ್ನೆ ಸೇರಿಸಿ ಕಳಿಸಿ, ಹೇಳಬೇಡಿ.

ಕೋಟಿಂಗ್‌ನವರಿಗೆ ಇನ್ನೂ ಫೋನ್ ಮಾಡಿಲ್ಲ. ಯಾವ ಮುಖ ಇಟ್ಟುಕೊಂಡು ಮಾಡಲಿ? ಚಕ್ಕೆ ಏಳುವುದಂತೂ ನಿಂತಿಲ್ಲ.