ನಲವತ್ತೊಂದು ಗೆಲುವಿನ ಋತು: ಶಿಕಾಗೊ ವೈಟ್ ಸಾಕ್ಸ್, 2024

ಶಿಕಾಗೊ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ 2024ರ ಋತುವಿಗೆ ನಾನು ಐದರಲ್ಲಿ ಒಂದು ಅಂಕ ಕೊಡುತ್ತೇನೆ. ಆ ಒಂದು ಅಂಕವೂ ಬಹುಪಾಲು ಗ್ಯಾರೆಟ್ ಕ್ರೋಶೆ ಎಂಬ ಒಬ್ಬ ಪಿಚರ್‌ಗೆ, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರನಿಗೆ, ಸಲ್ಲುತ್ತದೆ. 162 ಪಂದ್ಯಗಳಲ್ಲಿ 41 ಗೆಲುವು, 121 ಸೋಲು: 1900ರಿಂದೀಚೆಗೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಂದೇ ಋತುವಿನಲ್ಲಿ ಇಷ್ಟು ಪಂದ್ಯ ಸೋತ ತಂಡ ಬೇರೆ ಇಲ್ಲ. ಇದಕ್ಕೆ ಮೊದಲು ಆ ದಾಖಲೆ 120 ಸೋಲು ಕಂಡ 1962ರ ನ್ಯೂಯಾರ್ಕ್ ಮೆಟ್ಸ್ ಹೆಸರಿನಲ್ಲಿತ್ತು. ಆದರೆ ಮೆಟ್ಸ್‌ಗೆ ಅದು ಹುಟ್ಟಿದ ವರ್ಷ, ಬೇರೆ ತಂಡಗಳು ಬೇಡವೆಂದು ಬಿಟ್ಟ ಆಟಗಾರರನ್ನು ಕೂಡಿಸಿ ಕಟ್ಟಿದ ತಂಡ ಅದು. 2005ರಲ್ಲಿ ಲೀಗ್‌ನ ಅಂತಿಮ ಪ್ರಶಸ್ತಿಯಾದ ವರ್ಲ್ಡ್ ಸೀರೀಸ್ ಗೆದ್ದಿದ್ದ, 2021ರಲ್ಲಿ 93 ಪಂದ್ಯ ಗೆದ್ದು ತನ್ನ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ, ಶತಮಾನಕ್ಕೂ ಹಿಂದಿನ ಇತಿಹಾಸವಿರುವ ವೈಟ್ ಸಾಕ್ಸ್‌ಗೆ ಅಂಥ ಸಬೂಬು ಯಾವುದೂ ಇಲ್ಲ.

ತಂಡ ಸೋಲುತ್ತದೆಂದು ನಾನು ಮೊದಲೇ ಬಲ್ಲೆ. ಹಿಂದಿನ ವರ್ಷ 101 ಪಂದ್ಯ ಸೋತ ಮೇಲೆ ಹೊಸದಾಗಿ ಕಟ್ಟಬೇಕಾದ ತಂಡವಾಗಿತ್ತದು, ಕಟ್ಟುವ ಕಾಲದಲ್ಲಿ ಸೋಲನ್ನು ಸಹಿಸಿಕೊಳ್ಳುವುದು ಬೇಸ್‌ಬಾಲ್ ಅಭಿಮಾನಿಗೆ ಹೊಸದೇನೂ ಅಲ್ಲ. ನಾನು ಕ್ಷಮಿಸಲಾರದ ಸಂಗತಿ ಬೇರೆ. ಸೋಲು ಇಷ್ಟು ಆಳಕ್ಕೆ ಇಳಿಯದಂತೆ ತಡೆಯಲು ಆಡಳಿತ ಕೈಗೊಂಡ ಕ್ರಮಗಳೆಲ್ಲ ತೀರಾ ಅಗ್ಗದವಾಗಿದ್ದವು, ತೀರಾ ತಡವಾಗಿಯೂ ಇದ್ದವು.

2023ರ ಆಗಸ್ಟ್‌ನಲ್ಲಿ ಆಟಗಾರರ ಆಯ್ಕೆಯ ಹೊಣೆ ಹೊರುವ ಜನರಲ್ ಮ್ಯಾನೇಜರ್ ಆದ ಕ್ರಿಸ್ ಗೆಟ್ಸ್ ಕೆಲವೇ ತಿಂಗಳಲ್ಲಿ, ತಮ್ಮ ಕೈಗೆ ಬಂದಿರುವ ತಂಡ ತಮಗೆ ಇಷ್ಟವಿಲ್ಲವೆಂದು ಬಹಿರಂಗವಾಗಿ ಹೇಳಿದ್ದರು. ಆ ನೇರ ಮಾತು ನನಗೆ ಹಿಡಿಸಿತ್ತು. ಆದರೆ ಅದರ ಹಿಂದೆಯೇ ಬಂದ ಆಯ್ಕೆಗಳು ಆ ಮಾತಿನ ತೂಕಕ್ಕೆ ಸಾಟಿಯಾಗಲಿಲ್ಲ. ಕ್ಷೇತ್ರರಕ್ಷಣೆ ಬಲಪಡಿಸುವ ಹೆಸರಿನಲ್ಲಿ ಅನುಭವಿಗಳನ್ನು ಅಲ್ಪಾವಧಿಗೆ ತರಲಾಯಿತು. ಅವರಲ್ಲೊಬ್ಬರಾದ ಕ್ಯಾಚರ್ ಮಾರ್ಟಿನ್ ಮಾಲ್ಡೊನಾಡೊ ತಂಡದ ಪರ ಗಳಿಸಿದ ಬ್ಯಾಟಿಂಗ್ ಸರಾಸರಿ .119, ಅಂದರೆ ನೂರು ಅವಕಾಶಕ್ಕೆ ಹನ್ನೆರಡರಷ್ಟೂ ಹಿಟ್ ಇಲ್ಲ. ಋತು ಆರಂಭವಾಗಲು ಎರಡು ವಾರವಿರುವಾಗ ತಂಡದ ಪ್ರಮುಖ ಪಿಚರ್ ಡಿಲನ್ ಸೀಸ್ ಅವರನ್ನು ಸ್ಯಾನ್ ಡಿಯಾಗೊಗೆ ಕೊಟ್ಟುಬಿಟ್ಟರು. ಅವರು ಜುಲೈ 25ರಂದು ಹೊಸ ತಂಡದ ಪರವಾಗಿ, ಎದುರಾಳಿಗೆ ಒಂದೇ ಒಂದು ಹಿಟ್ ಬಿಟ್ಟುಕೊಡದೆ ಇಡೀ ಪಂದ್ಯ ಎಸೆದು ಮುಗಿಸಿದರು. ಆ ಸುದ್ದಿ ಬಂದ ದಿನ ವೈಟ್ ಸಾಕ್ಸ್ ಸತತ ಸೋಲುಗಳ ನಡುವೆಯೇ ಇತ್ತು.

ಇದೇ ವಿಭಾಗದ ಕ್ಯಾನ್ಸಸ್ ಸಿಟಿ ರಾಯಲ್ಸ್ ಜೊತೆ ಹೋಲಿಸಿದರೆ ನನ್ನ ದೂರು ಇನ್ನಷ್ಟು ಸ್ಪಷ್ಟವಾಗುತ್ತದೆ. 2023ರಲ್ಲಿ ರಾಯಲ್ಸ್ ಸೋತದ್ದು 106 ಪಂದ್ಯ, ಅಂದರೆ ವೈಟ್ ಸಾಕ್ಸ್‌ಗಿಂತ ಐದು ಹೆಚ್ಚು. ಆ ತಂಡದವರು ಚಳಿಗಾಲದಲ್ಲಿ ಸೆತ್ ಲೂಗೊ, ಮೈಕಲ್ ವಾಕಾ ಅವರಂಥ ಪಿಚರ್‌ಗಳಿಗೆ ಹಣ ಹೂಡಿದರು, ತಮ್ಮ ಯುವ ತಾರೆ ಬಾಬಿ ವಿಟ್ ಜೂನಿಯರ್ ಜೊತೆ ದೀರ್ಘಾವಧಿಯ ಒಪ್ಪಂದ ಮಾಡಿಕೊಂಡರು, 86 ಪಂದ್ಯ ಗೆದ್ದು ಋತುವಿನ ಕೊನೆಯ ಪ್ರಶಸ್ತಿ ಸುತ್ತುಗಳಾದ ಪ್ಲೇಆಫ್ ತಲುಪಿದರು. ಅವರ ವಿರುದ್ಧ ಆಡಿದ 13 ಪಂದ್ಯಗಳಲ್ಲಿ ವೈಟ್ ಸಾಕ್ಸ್ ಗೆದ್ದದ್ದು ಒಂದೇ ಒಂದು. ನೂರು ಸೋಲು ಕಂಡ ತಂಡ ಮೇಲೇಳಲು ಹಲವು ವರ್ಷ ಕಾಯಲೇಬೇಕು ಎಂದು ಯಾರಾದರೂ ಸಮಜಾಯಿಷಿ ನೀಡಿದರೆ ಅದನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಮೈದಾನದಲ್ಲಿ ನಡೆದದ್ದನ್ನು ಸಂಖ್ಯೆಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಮೊದಲ 25 ಪಂದ್ಯಗಳಲ್ಲಿ 22 ಸೋಲು. ಇಡೀ ಋತುವಿನಲ್ಲಿ ಗಳಿಸಿದ ರನ್ 507, ಬಿಟ್ಟುಕೊಟ್ಟದ್ದು 813. ಮೇ 23ರಂದು ಬಾಲ್ಟಿಮೋರ್ ವಿರುದ್ಧದ ಪಂದ್ಯವನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಕೊನೆಯದಾದ ಒಂಬತ್ತನೆಯ ಇನಿಂಗ್ಸ್‌ನಲ್ಲಿ ತಂಡ ಅಪರೂಪಕ್ಕೆ ಚೇತರಿಸಿಕೊಂಡು ಹಿನ್ನಡೆಯನ್ನು 8-6ಕ್ಕೆ ಇಳಿಸಿತ್ತು, ಬೇಸ್‌ಗಳ ಮೇಲೆ ಇಬ್ಬರು ಓಟಗಾರರಿದ್ದರು, ಒಬ್ಬರು ಮಾತ್ರ ಔಟ್ ಆಗಿದ್ದರು. ಆಂಡ್ರ್ಯೂ ಬೆನಿಂಟೆಂಡಿ ಹೊಡೆದ ಚೆಂಡು ಒಳಮೈದಾನದಲ್ಲಿ ನೇರ ಮೇಲಕ್ಕೆ ಹೋಯಿತು. ಅಂಥ ಸುಲಭ ಕ್ಯಾಚಿಗೆ ಅನ್ವಯಿಸುವ ಇನ್‌ಫೀಲ್ಡ್ ಫ್ಲೈ ನಿಯಮದಂತೆ ಬ್ಯಾಟರ್ ತಾನಾಗಿಯೇ ಔಟ್. ಅದೇ ಗಳಿಗೆಯಲ್ಲಿ ಎರಡನೆಯ ಬೇಸ್‌ಗೆ ಮರಳುತ್ತಿದ್ದ ಆಂಡ್ರ್ಯೂ ವಾನ್, ಚೆಂಡು ಹಿಡಿಯಲು ಹೊರಟಿದ್ದ ಗನ್ನರ್ ಹೆಂಡರ್ಸನ್‌ಗೆ ಅಡ್ಡಬಂದರೆಂದು ಅಂಪೈರ್ ಅವರನ್ನೂ ಔಟ್ ಎಂದು ಘೋಷಿಸಿದರು. ಹೆಂಡರ್ಸನ್‌ಗೆ ಚೆಂಡು ಹಿಡಿಯಲು ಯಾವ ತೊಂದರೆಯೂ ಆಗಿರಲಿಲ್ಲ, ಆದರೂ ಇನಿಂಗ್ಸ್ ಮುಗಿಸುವ ಮೂರು ಔಟ್ ಪೂರ್ತಿಯಾಗಿ ಪಂದ್ಯ ಅಲ್ಲಿಗೆ ಮುಗಿಯಿತು. ನಿಯಮದ ಅಕ್ಷರಕ್ಕೆ ತೀರ್ಪು ಸರಿಯಿರಬಹುದು, ಆದರೆ ಆಟದ ನ್ಯಾಯಕ್ಕೆ ಅದು ಹೊಂದುವುದಿಲ್ಲವೆಂದೇ ಈಗಲೂ ನನ್ನ ಅಭಿಪ್ರಾಯ. ಆಗ ಶುರುವಾಗಿದ್ದ ಸೋಲುಗಳ ಸಾಲು ಜೂನ್ ಮೊದಲ ವಾರದ ತನಕ ಬೆಳೆದು ಸತತ 14 ಆಯಿತು.

ಜುಲೈ 10ರಿಂದ ಆಗಸ್ಟ್ 5ರವರೆಗೆ ಸತತ 21 ಸೋಲು. ಅಮೆರಿಕನ್ ಲೀಗ್‌ನಲ್ಲಿ 1988ರ ಬಾಲ್ಟಿಮೋರ್ ತಂಡದ ಹೆಸರಿನಲ್ಲಿದ್ದ ದಾಖಲೆಗೆ ಅದು ಸಮ. ಆಗಸ್ಟ್ 6ರಂದು ಓಕ್‌ಲ್ಯಾಂಡ್‌ನಲ್ಲಿ 5-1ರಿಂದ ಗೆದ್ದು ಆ ಸರಪಳಿ ಕಡಿದರು, ಆಗಸ್ಟ್ 8ರಂದು, ಮೈದಾನದಲ್ಲಿ ತಂಡವನ್ನು ನಡೆಸುವ ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದರು. ಅಷ್ಟು ಹೊತ್ತಿಗೆ ತಂಡ 28 ಗೆದ್ದು 89 ಸೋತಿತ್ತು. ಆರಂಭದ ಆ 22 ಸೋಲುಗಳ ನಂತರವೇ ಆಗಬೇಕಿದ್ದ ಬದಲಾವಣೆ ಅದು. ಹಂಗಾಮಿಯಾಗಿ ಬಂದ ಗ್ರೇಡಿ ಸೈಜ್‌ಮೋರ್ ಅವರ ಕೈಗೆ ಸಿಕ್ಕಿದ್ದು ಉತ್ತಮ ಆಟಗಾರರನ್ನು ಆಗಲೇ ಬೇರೆಡೆಗೆ ಕಳಿಸಿ ಬರಿದಾಗಿದ್ದ ತಂಡ. ಆದ್ದರಿಂದ ಅವರ 13 ಗೆಲುವು, 32 ಸೋಲುಗಳ ಲೆಕ್ಕವನ್ನು ಅವರ ಮೇಲೆ ಹೊರಿಸಲು ನನಗೆ ಮನಸ್ಸಿಲ್ಲ.

ಇನ್ನು ಕ್ರೋಶೆ. ಈ ಋತುವಿನ ಹಳೆಯ ಪಂದ್ಯಗಳನ್ನು ಯಾರಾದರೂ ಮತ್ತೆ ನೋಡುವುದಾದರೆ ಅವರು ಎಸೆದ ಇನಿಂಗ್ಸ್‌ಗಳನ್ನು ನೋಡಲಿ, ಉಳಿದದ್ದನ್ನು ಬಿಟ್ಟರೂ ನಷ್ಟವಿಲ್ಲ. ಮೊಣಕೈ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡು ಬಂದಿದ್ದ ಈ ಎಡಗೈ ಪಿಚರ್, ಮೇಜರ್ ಲೀಗ್‌ನಲ್ಲಿ ಅದುವರೆಗೆ ಒಂದು ಪಂದ್ಯವನ್ನೂ ಆರಂಭಿಸಿರಲಿಲ್ಲ. ಮಾರ್ಚ್ 28ರ ಮೊದಲ ಪಂದ್ಯದ ಹೊಣೆಯೇ ಅವರಿಗೆ ಸಿಕ್ಕಿತು. ಆರು ಇನಿಂಗ್ಸ್ ಎಸೆದು ಎಂಟು ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿ (ಮೂರು ಸ್ಟ್ರೈಕ್‌ಗಳಲ್ಲಿ ಔಟ್ ಮಾಡಿ) ಒಂದೇ ರನ್ ಕೊಟ್ಟರು, ಆದರೂ ತಂಡ ಡೆಟ್ರಾಯ್ಟ್ ಟೈಗರ್ಸ್‌ಗೆ 1-0ಯಿಂದ ಸೋತಿತು. ಮುಂದೆ ಬಂದ ಆರು ತಿಂಗಳು ಆ ಒಂದು ಸಂಜೆಯಲ್ಲೇ ಅಡಗಿದ್ದವು. ವರ್ಷಾಂತ್ಯಕ್ಕೆ 146 ಇನಿಂಗ್ಸ್‌ಗಳಲ್ಲಿ 209 ಸ್ಟ್ರೈಕ್‌ಔಟ್, ಆಲ್‌ಸ್ಟಾರ್ ತಂಡದಲ್ಲಿ ಸ್ಥಾನ, ಆದರೆ ಹೆಸರಿನ ಮುಂದೆ ಆರು ಗೆಲುವು, ಹನ್ನೆರಡು ಸೋಲು. ಅವರ ತೋಳಿಗೆ ಹೆಚ್ಚು ಭಾರ ಬೀಳದಿರಲೆಂದು ಜುಲೈ ನಂತರ ಒಂದು ಪಂದ್ಯಕ್ಕೆ ನಾಲ್ಕು ಇನಿಂಗ್ಸ್‌ಗಿಂತ ಹೆಚ್ಚು ಕೊಡಲಿಲ್ಲ. ಆ ಎಚ್ಚರಿಕೆ ಸರಿಯಾದದ್ದೇ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹೀಗೆ ಜತನದಿಂದ ಕಾಪಾಡಿದ ತೋಳನ್ನು ಡಿಸೆಂಬರ್‌ನಲ್ಲಿ ಬಾಸ್ಟನ್‌ಗೆ ಒಪ್ಪಿಸಿದರು. ಪ್ರತಿಯಾಗಿ ಬಂದ ಯುವಕರಲ್ಲಿ ಪ್ರತಿಭೆಯಿದೆ, ಆ ವಿನಿಮಯ ಲೆಕ್ಕಾಚಾರದಲ್ಲಿ ತಪ್ಪಲ್ಲದಿರಬಹುದು. ಆದರೂ ಅಭಿಮಾನಿಗೆ ನೋಡಲು ಉಳಿದಿದ್ದ ಒಂದೇ ಒಂದು ಕಾರಣ ಕೈಬಿಟ್ಟಿತು.

ಸೋತದ್ದಕ್ಕೆ ಸಿಗುವ ಸಮಾಧಾನದ ಬಹುಮಾನವೂ ಸಿಗಲಿಲ್ಲ. ಸಾಮಾನ್ಯವಾಗಿ ಕೊನೆಯ ಸ್ಥಾನದ ತಂಡಕ್ಕೆ ಹೊಸ ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಮುಂದಿನ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆಯ ಅವಕಾಶ ಹೆಚ್ಚಿರುತ್ತದೆ, ಮೇಲಿನ ಆಯ್ಕೆಗಳನ್ನು ಲಾಟರಿಯಿಂದ ಹಂಚುತ್ತಾರೆ. ಆದರೆ ಆದಾಯ ಹಂಚಿಕೆಯಲ್ಲಿ ಹಣ ಕೊಡುವ ತಂಡ ಸತತ ಎರಡು ವರ್ಷ ಲಾಟರಿಯ ಆಯ್ಕೆ ಪಡೆಯುವಂತಿಲ್ಲ ಎಂಬ ನಿಯಮವಿದೆ. 2024ರಲ್ಲಿ ಐದನೆಯ ಆಯ್ಕೆ ಪಡೆದಿದ್ದ ವೈಟ್ ಸಾಕ್ಸ್ 2025ರಲ್ಲಿ ಹತ್ತನೆಯದಕ್ಕಿಂತ ಮೇಲೇರುವಂತಿರಲಿಲ್ಲ.

ಸೆಪ್ಟೆಂಬರ್ 24ರಂದು, 120 ಸೋಲು ಹೊತ್ತು ತಂಡ ಮನೆಯಂಗಳಕ್ಕೆ ಮರಳಿದಾಗ, ತಂಡವನ್ನು ಮಾರಿಬಿಡಿ ಎಂದು ಪ್ರೇಕ್ಷಕರು ಮಾಲೀಕ ಜೆರ್ರಿ ರೈನ್ಸ್‌ಡಾರ್ಫ್ ಅವರನ್ನು ಉದ್ದೇಶಿಸಿ ಕೂಗಿದರು. ಆ ಕೂಗಿನಲ್ಲಿ ನನ್ನ ದನಿಯೂ ಸೇರಿದೆಯೆಂದೇ ತಿಳಿಯಿರಿ. ಅದೇ ಸಂಜೆ ಎಂಟನೆಯ ಇನಿಂಗ್ಸ್‌ನಲ್ಲಿ ಆಟಗಾರರು ಮೂರು ರನ್ ಗಳಿಸಿ ಲಾಸ್ ಏಂಜಲೀಸ್ ಏಂಜಲ್ಸ್ ವಿರುದ್ಧ 3-2ರಿಂದ ಗೆದ್ದರು, ಮರುದಿನ 4-3, ಅದರ ಮರುದಿನ 7-0. ಕಳೆದುಕೊಳ್ಳಲು ಏನೂ ಉಳಿಯದಿದ್ದಾಗಲೂ ಆಡುವುದನ್ನು ಬಿಡದ ಆ ಹುಡುಗರ ಬಗ್ಗೆ ನನಗೆ ಗೌರವವಿದೆ. ನಾನು ಕೊಟ್ಟ ಒಂದು ಅಂಕದಲ್ಲಿ ಅವರಿಗೂ ಪಾಲಿದೆ. ಸೆಪ್ಟೆಂಬರ್ 27ರಂದು ಡೆಟ್ರಾಯ್ಟ್‌ನಲ್ಲಿ 4-1ರಿಂದ ಸೋತು ತಂಡ 121 ತಲುಪಿತು. ಋತುವಿನ ಮೊದಲ ದಿನ 1-0ಯಿಂದ ಸೋಲಿಸಿದ್ದ ಅದೇ ಟೈಗರ್ಸ್ ಆ ರಾತ್ರಿ ಪ್ಲೇಆಫ್ ಸ್ಥಾನ ಖಚಿತಪಡಿಸಿಕೊಂಡು ಮೈದಾನದಲ್ಲಿ ಕುಣಿಯಿತು.