ಕಬ್ಬೋ ರಾಗಿಯೋ? ನಾಲೆ ನೀರು ನಂಬಿದವರಿಗೆ

ಕೆಆರ್‌ಎಸ್ ಅಣೆಕಟ್ಟೆ 124.80 ಅಡಿ ತುಂಬಿದ ವರ್ಷ ಮಂಡ್ಯದಲ್ಲಿ ಕಬ್ಬೇ ಮೇಲು ಅನಿಸುತ್ತದೆ. ಮಳೆ ಕೈಕೊಟ್ಟರೆ? ಕಬ್ಬು ವರ್ಷವಿಡೀ ನೀರು ಕೇಳುತ್ತದೆ. ರಾಗಿ ಸುಮಾರು ನಾಲ್ಕು ತಿಂಗಳಲ್ಲಿ ಕೊಯ್ಲಿಗೆ ಬರುತ್ತದೆ.

ಆದರೆ ಕಬ್ಬು ಕೊಳ್ಳಲು ಕಾರ್ಖಾನೆ ಇದೆ. ರಾಗಿಗೆ ಬೆಂಬಲ ಬೆಲೆ ಇದ್ದರೂ ಖರೀದಿ ಕೇಂದ್ರ ತೆರೆಯುವವರೆಗೆ ಮೂಟೆ ಮನೆಯಲ್ಲೇ ಇರಬೇಕು. ಸಾಲ ಇರೋರಿಗೆ ಇದು ಸಣ್ಣ ವಿಷಯ ಅಲ್ಲ. ಕಬ್ಬು ಕಡಿದು ಬದುಕುವ ಕೂಲಿಯವರನ್ನೂ ಮರೆಯಬೇಡಿ. ರಾಗಿಗೆ ಕೊಯ್ಲು ಯಂತ್ರ ತಂದರೆ ಅವರಿಗೆ ಕೆಲಸ ಎಲ್ಲಿ?

ನನ್ನನ್ನು ಕೇಳಿದರೆ, ಎರಡು ಎಕರೆಯಲ್ಲಿ ಒಂದಕ್ಕೆ ರಾಗಿ, ರಾಗಿ ಸಾಲುಗಳ ನಡುವಿನ ಅಕ್ಕಡಿ ಸಾಲಲ್ಲಿ ಅವರೆ ಹಾಕಿ. ಇಂಡಾಫ್ ರಾಗಿ ತಳಿಗಳು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲೇ ಹುಟ್ಟಿದ್ದು ಅಲ್ವಾ! ಇನ್ನೊಂದು ಎಕರೆ ಕಬ್ಬಿಗೆ ಹನಿ ನೀರಾವರಿ. ಕಬ್ಬಿನ ಒಣಗಿದ ಎಲೆ, ಅಂದರೆ ತರಗು ಮಾತ್ರ ಸುಡಬೇಡಿ. ಸಾಲಿನ ಮಧ್ಯೆ ಹರಡಿ, ನೀರು ಬಿಟ್ಟ ಮೂರನೇ ದಿನ ಎತ್ತಿ ನೋಡಿ. ಕೆಳಗಿನ ಮಣ್ಣು ಇನ್ನೂ ಬೆರಳಿಗೆ ಅಂಟುತ್ತದೆ.